ಕಾಕಾರ ಚಂಚಿಯೊಳಗಿನ ಸುಣ್ಣ

ಲ್ಯಾಬ್ ಅಂದ್ರ ಗಂಭೀರ ಜಾಗ ಅಂತ ಮಂದಿ ತಿಳಕೊಂಡಾರ. ಖೊಟ್ಟಿ ಮಾತು! ಶಹಾಪುರದ ಹೈಸ್ಕೂಲಿನ್ಯಾಗ ಇಷ್ಟು ವರ್ಷ ವಿಜ್ಞಾನ ಕಲಿಸೀನಿ, ನಗಲಾರದ ಮನಿಗೆ ಹೋದ ದಿನ ಕಡಿಮಿ. ಸಿಟ್ಟಿನ ಅಕ್ಕೋರು ಅಂತ ನನಗ ಹೆಸರಿತ್ತು ಖರೆ. ಆದ್ರ ನಮ್ಮ ಲ್ಯಾಬಿನ ಜವಾನರ ಮುಂದ ಆ ಸಿಟ್ಟು ಎಂದೂ ನಿಲ್ಲಲಿಲ್ಲ.

ಅವರಿಗೆ ಸಾಲಿ ಮಂದಿಯೆಲ್ಲಾ ಕಾಕಾ ಅಂತಿದ್ರು. ದೊಡ್ಡ ಮೀಸಿ, ಸೊಂಟದಾಗ ಎಲಿ-ಅಡಿಕಿ, ಸುಣ್ಣ ಇಡೂ ಚಂಚಿ. ಹೆಂಡ್ತಿ ತೀರಿಕೊಂಡು ಬಾಳ ವರ್ಷ ಆಗಿತ್ತು. ಒಬ್ಬಾಕೆ ಮಗಳು, ನನ್ನ ಕೈಯಾಗ ಕಲಿತಾಕಿ. ಆಕಿ ಒಂದು ಛಲೋ ಮನಿ ಸೇರಬೇಕು ಅನ್ನೂದು ಬಿಟ್ರ ಕಾಕಾಗ ಬ್ಯಾರೆ ಚಿಂತಿ ಇರಲಿಲ್ಲ.

ಉಪ್ಪು

ನಾ ಕೆಲಸಕ್ಕ ಸೇರಿದ ಹೊಸದು. ಹೈಡ್ರೋಕ್ಲೋರಿಕ್ ಆಮ್ಲ, ಕಾಸ್ಟಿಕ್ ಸೋಡಾ ಎರಡೂ ಅಳತಿ ಮಾಡಿ ಕೂಡಿಸಿ ತೋರಿಸಿದೆ. "ನೋಡ್ರಿ ಹುಡುಗ್ರಾ, ಬ್ಯಾರೆ ಬ್ಯಾರೆ ಇದ್ರ ಇವು ಕೈ ಸುಡ್ತಾವ. ಸಮಸಮ ಕೂಡಿದ್ರ ಎರಡರ ಸೊಕ್ಕೂ ಇಳೀತದ. ಉಳಿಯೂದು ಉಪ್ಪು ಮತ್ತ ನೀರು." ಕಾಸಿದೆ. ನೀರು ಆರಿತು, ಬಟ್ಟಲದ ತಳದಾಗ ಬೆಳ್ಳಗ ಉಪ್ಪು ನಿಂತಿತು.

ಮಧ್ಯಾಹ್ನದ ಬೆಲ್ ಆತು. ಹೊಳ್ಳಿ ಬಂದು ನೋಡ್ತೀನಿ, ಬಟ್ಟಲ ಖಾಲಿ! ಮೂಲ್ಯಾಗ ಕಾಕಾ ರೊಟ್ಟಿ ಉಣ್ಣಾಕತ್ತಾರ.

"ಕಾಕಾ, ಉಪ್ಪೆಲ್ಲಿ?"

"ಉಳ್ಳಾಗಡ್ಡಿಗೆ ಹಚ್ಚಿಕೊಂಡೆನ್ರಿ ಅಕ್ಕೋರ."

ನನ್ನ ಜೀವ ಬಾಯಿಗೆ ಬಂತು. ಲ್ಯಾಬಿನ ಯಾವುದನ್ನೂ ಬಾಯಿಗೆ ಹಾಕಬಾರದು ಅಂತ ಗೋಡಿ ಮ್ಯಾಲೆ ನಾನ ಬರದು ಹಚ್ಚಿದ್ದೆ. ಒಂದು ತಂಬಿಗಿ ನೀರು ಕುಡಿಸಿದೆ, ಬೈದೆ, ಸಂಜಿತನಕ ಎದುರಿಗೆ ಕುಂದರಿಸಿಕೊಂಡು ಮುಖ ನೋಡ್ತಾ ಕೂತೆ. ಸಾಲಿ ಬಿಡೂ ಹೊತ್ತಿಗೆ ಕಾಕಾ ಮೆಲ್ಲಕ ಅಂದ್ರು, "ಸಿಟ್ಟಾಗಬ್ಯಾಡ್ರಿ ಅಕ್ಕೋರ. ಪಾಠ ಛಲೋ ಇತ್ರಿ, ಉಪ್ಪು ಸ್ವಲ್ಪ ಸಪ್ಪಗಿತ್ತು."

ಸಾಹೇಬರ ಪ್ಯಾಂಟು

ಲಿಟ್ಮಸ್ ಕಾಗದ ತೀರಿತ್ತು, ಬರ್ತದ ಬರ್ತದ ಅಂತ ವರ್ಷ ಹೋತು. ಕಾಕಾನೇ ಒಂದು ಉಪಾಯ ತಗದ್ರು. "ಅರಿಶಿನ ಹತ್ತಿದ ಅರಬಿ ಒಗಿಯಾಕ ಸಬಕಾರ ಹಚ್ಚಿದ್ರ ಕೆಂಪಾಗ್ತದಲ್ರಿ?" ಹೌದಲ್ಲ! ಅರಿಶಿನದ ನೀರಾಗ ಕಾಗದ ಅದ್ದಿ ತಗದ್ವಿ. ಕಾಕಾರ ಚಂಚಿಯ ಸುಣ್ಣ ಹಚ್ಚಿದ್ರ ಕೆಂಪು, ಮ್ಯಾಲೆ ಲಿಂಬಿಹಣ್ಣು ಹಿಂಡಿದ್ರ ಮತ್ತ ಹಳದಿ. ಸುಣ್ಣದ ಜೋರು ಲಿಂಬಿ ಇಳಸ್ತದ, ಲಿಂಬಿ ಜೋರು ಸುಣ್ಣ. ಹುಡುಗ್ರು ಹುಚ್ಚೆದ್ದು ಕುಣದ್ರು.

ಅವತ್ತ ಯಾದಗಿರಿಯಿಂದ ಇನ್ಸ್‌ಪೆಕ್ಟರ್ ಸಾಹೇಬ್ರು ಬಂದ್ರು, ಬಿಳಿ ಪ್ಯಾಂಟು. ಹಸಿ ಕಾಗದ ಒಣಹಾಕಿದ ಕುರ್ಚಿ ಮ್ಯಾಲೇ ಕೂತ್ರು! ಎದ್ದಾಗ ಹಿಂದ ಹಳದಿ. ಗಾಬರ್ಯಾಗಿ ಸಬಕಾರ ಹಚ್ಚಿ ತಿಕ್ಕಿದ್ರು, ಕೆಂಪನ್ನ ಕೆಂಪಾತು. "ಇದೇನ್ರಿ ಇದು!" ಅಂತ ಕೂಗಿದ್ರು. ನನಗ ಭೂಮಿ ಬಾಯಿ ಬಿಡಬಾರದಾ ಅನಿಸ್ತು. ಕಾಕಾ ಮಾತ್ರ ಅರ್ಧ ಲಿಂಬಿಹಣ್ಣು ಹಿಡಕೊಂಡು ಬಂದು, "ಸಾಹೇಬ್ರ, ಹೊಳ್ಳಿ ನಿಲ್ರಿ," ಅಂದು ಹಿಂಡೇಬಿಟ್ರು. ಕೆಂಪು ಹೋತು.

ಸಾಹೇಬ್ರು ದೊಡ್ಡ ಮನಸಿನವರು. "ಪ್ರಯೋಗ ಕಣ್ಣಾರೆ ನೋಡಿದೆ" ಅಂತ ವರದಿ ಬರದ್ರು. ಕಾಕಾ ನನ್ನ ಕಿವ್ಯಾಗ, "ಕಣ್ಣಾರೆ ನಾವು ನೋಡಿದ್ವಿ ಅಕ್ಕೋರ. ಅವರಿಗೆ ಎಲ್ಲಿ ಕಾಣ್ತಿತ್ರಿ?" ಅಂದ್ರು.

ನಾಕು ಎಕರೆ

ಕೆನಾಲ್ ನೀರು ಬಂದ ಮ್ಯಾಲೆ ಕೆಲವು ಹೊಲ ಸವಳು ಹಿಡದ್ವು. ಸುರಪುರ ಕಡಿಂದ ಒಬ್ಬ ರೈತ ಬಂದ. "ಅಕ್ಕೋರ, ಹೊಲದಾಗ ಕ್ಷಾರ ಆಗ್ಯದಂತ. ಅದರ ಜೋರು ಆ್ಯಸಿಡ್ ಇಳಸ್ತದ ಅಂತ ನಮ್ಮ ಹುಡುಗ ಹೇಳ್ಯಾನ. ಒಂದು ಬಾಟ್ಲಿ ಕೊಡ್ರಿ." ನನಗ ಅಳಬೇಕೋ ನಗಬೇಕೋ. ಇದ್ದ ಬೆಳಿನೂ ಸುಡ್ತದಪ್ಪ, ಕೃಷಿ ಆಫೀಸಿಗೆ ಹೋಗಿ ಜಿಪ್ಸಂ ಕೇಳು ಅಂತ ತಿಳಿಸಿ ಹೇಳಿದೆ. "ಎಷ್ಟು ಎಕರೆ?" ಅಂತ ಕಾಕಾ ಕೇಳಿದ್ರು. "ನಾಕು." ಕಾಕಾ ನನ್ನ ಕಡೆ ಹೊಳ್ಳಿ, "ಬಾಟ್ಲಿ ಜೋಡಿ ಡ್ರಾಪರ್ ಕೊಟ್ಟು ಕಳಸಬಹುದಿತ್ರಿ ಅಕ್ಕೋರ. ಹನಿ ಹನಿ ಹಾಕಿದ್ರ ಮೊಮ್ಮಕ್ಕಳ ಕಾಲಕ್ಕ ಮುಗೀತಿತ್ತು," ಅಂದ್ರು.

ಆರತಿ

ಕಡೀಕೆ ಕಾಕಾರ ಮಗಳಿಗೆ ಹತ್ತಿಕುಣಿ ಕಡೆ ಸಂಬಂಧ ಕೂಡಿತು. ಹುಡುಗ ಬಂಗಾರ. ಆದ್ರ ಅವನ ಸೋದರತ್ತಿ ಶಕುನದಾಕಿ. ಬೆಕ್ಕು ಅಡ್ಡ ಬಂತು ಅಂತ ಹಿಂದೊಂದು ಸಂಬಂಧ ಮುರದಾಕಿ. ಕಾಕಾ ವಾರದಿಂದ ನಿದ್ದಿ ಮಾಡಿರಲಿಲ್ಲ. "ತಾಯಿ ಜಾಗದಾಗ ನೀವ ನಿಂತು ಆರತಿ ಮಾಡ್ರಿ ಅಕ್ಕೋರ," ಅಂದಾಗ ನನ್ನ ಕಣ್ಣು ತುಂಬಿದ್ವು.

ಮದುಮಗ ಹಂದರದ ಬಾಗಲಿಗೆ ಬಂದ. ನನ್ನ ಕೈಯಾಗ ತಾಟು, ತಾಟಿನ್ಯಾಗ ಅರಿಶಿನ-ಸುಣ್ಣದ ಕೆಂಪು ನೀರು. ಅತ್ತಿ ಒದರಿದಳು: "ದೃಷ್ಟಿ ಆಗ್ತದ, ಅದರಾಗ ಲಿಂಬಿಹಣ್ಣು ಹಿಂಡ್ರಿ!" ಹಿಂಡಿದೆ! ವರ್ಷಾ ವರ್ಷಾ ಅದೇ ಪಾಠ ಹೇಳಿದಾಕಿ, ಕಣ್ಣು ತೆರಕೊಂಡೇ ಹಿಂಡಿದೆ.

ಎಲ್ಲಾರ ಮುಂದ ನೀರು ಹಳದಿ ಆತು.

"ಅಯ್ಯಯ್ಯ, ಕೆಂಪು ಹೋತು! ಗಾಡಿ ಹೊಳ್ಳಸ್ರಿ!" ಅಂದಳು ಅತ್ತಿ. ವಾಲಗ ನಿಂತು ಹೋತು. ಒಳಗ ಬಾಗಲ ಸಂದ್ಯಾಗ ಮದುಮಗಳ ಮುಖ ಬಿಳಚಿಕೊಂಡಿತ್ತು.

ಕಾಕಾ ಬಂದ್ರು. ಚಂಚಿ ಬಿಚ್ಚಿದ್ರು. "ಗಾಬರಿ ಆಗಬ್ಯಾಡ್ರಿ ಅವ್ವಾರ. ಲಿಂಬಿ ಕೆಟ್ಟ ಕಣ್ಣೆಲ್ಲಾ ಎಳಕೊಂಡದ, ಅದಕ್ಕ ಬಣ್ಣ ಇಳದದ. ಬೇಕಾದ್ರ ವಿಜ್ಞಾನದ ಅಕ್ಕೋರ್ನ ಕೇಳ್ರಿ."

ಅತ್ತಿ ನನ್ನ ಮುಖ ನೋಡಿದಳು. "ಖರೇ ಏನ್ರಿ?"

ಸುಳ್ಳು ಹೇಳಿದ ಹುಡುಗ್ರಿಗೆ ಬೆತ್ತದ ರುಚಿ ತೋರಿಸಿದಾಕಿ ನಾನು. ಗಟ್ಟಿಯಾಗಿ ಅಂದೆ, "ಹೌದ್ರಿ, ಖರೇ ಅದ!"

ಕಾಕಾ ಸುಣ್ಣ ಹಾಕಿ ಕಲಸಿದ್ರು. ನೀರು ಮತ್ತ ಕೆಂಪು, ಮೊದಲಿಗಿಂತ ಜಾಸ್ತಿ. ಅತ್ತಿ ಬಾಯಿ ತೆರದು ನೋಡಿ, "ಹಂಗಾದ್ರ ನನಗೂ ಒಂದೀಟು ದೃಷ್ಟಿ ತಗೀರಿ, ನಾಕು ದಿನಾತು ತಲಿ ನೋವು," ಅಂದಳು. ಆಕಿ ಹಿಂದ ಬೀಗರೆಲ್ಲಾ ಸಾಲು ಹಚ್ಚಿದ್ರು. ಲಿಂಬಿ, ಸುಣ್ಣ, ಲಿಂಬಿ, ಸುಣ್ಣ. ಮದುಮಗ ಬಿಸಿಲಾಗ ನಿಂತೇ ಇದ್ದ.

ಸಂಜಿಗೆ ಮಗಳು ಗಾಡಿ ಹತ್ತಿದಳು. ಗಾಡಿ ಕಣ್ಮರಿ ಆಗೂತನಕ ಕಾಕಾ ನಿಂತಿದ್ರು. ಕಣ್ಣೀರು ಮೀಸಿಗೆ ಇಳದಿತ್ತು, ನಾಲಿಗಿ ಚಾಚಿ ನೆಕ್ಕಿಕೊಂಡ್ರು. ನಾನೂ ಅಳಾಕತ್ತಿದ್ದೆ, ಆದ್ರೂ ಚಟ ಬಿಡ್ತದೇನು? "ಕಾಕಾ, ಬಾಯಿಗೆ ಹಾಕಬ್ಯಾಡ್ರಿ," ಅಂದೆ.

"ಉಪ್ಪು, ನೀರು ಅಲ್ಲೇನ್ರಿ ಅಕ್ಕೋರ," ಅಂದ್ರು ಕಾಕಾ. "ಈ ಸಲ ಸಪ್ಪಗಿಲ್ರಿ."