ನಮ್ಮನೆಯವರ ಬ್ರೌಸರ್ ಒಗೆಯುವ ಯಂತ್ರ

“ಎಲ್ಲಾರೂ ಹಿಂದಕ್ಕ ಸರೀರಿ! ಜಗತ್ತಿನ್ಯಾಗ ಮೊದಲನೇ ಸಲ ಬ್ರೌಸರ್ ಒಗಿಯೋ ಯಂತ್ರ ಚಾಲೂ ಆಗತೈತಿ!” ಎಂದು ನಮ್ಮನೆಯವರು ಎರಡೂ ಕೈ ಮೇಲೆತ್ತಿ ಸಾರಿದರು.

ಎಲ್ಲಾರೂ ಅಂದರೆ ಮೂರು ಹೆಂಗಸರು. ನಾನು, ಎಂಬತ್ತು ದಾಟಿದ ನಮ್ಮ ಅತ್ತೆ, ಮತ್ತು ಪಕ್ಕದ ಮನೆಯ ಕಸ್ತೂರಿ. ಕಸ್ತೂರಿ ಬಂದದ್ದು ಹೆಪ್ಪು ಕೇಳಲು. ಪಾಪ, ಬಟ್ಟಲು ಹಿಡಿದುಕೊಂಡೇ ಸಿಕ್ಕಿಬಿದ್ದಳು.

ನಮ್ಮನೆಯವರು ಬೆಟಗೇರಿಯಲ್ಲಿ ಮಿಕ್ಸರ್ ರಿಪೇರಿ ಮಾಡುತ್ತಾರೆ, ಆದರೆ ತಾವು ವಿಜ್ಞಾನಿ ಎಂದು ತಿಳಿದಿದ್ದಾರೆ. ಅವರ ಹೆಸರು ಮಾತ್ರ ನನ್ನನ್ನು ಕೇಳಬೇಡಿ. ನಮ್ಮ ಮನೆತನದಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಮದುವೆಯಾದಾಗಿನಿಂದ “ಏನ್ರೀ” ಎಂಬುದರಲ್ಲೇ ಸಂಸಾರ ಸಾಗಿಸಿದ್ದೇನೆ. ಸಿಟ್ಟು ಬಂದರೆ “ಏನ್ರೀ” ಸ್ವಲ್ಪ ಉದ್ದವಾಗುತ್ತದೆ, ಅಷ್ಟೇ.

ಪಡಸಾಲೆಯ ನಡುವೆ ನಿಂತಿದ್ದ ಆ ಯಂತ್ರವನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಯಾಕೆಂದರೆ ಅದು ನನ್ನ ವಾಷಿಂಗ್ ಮಶೀನು! ಅದರ ನೆತ್ತಿಗೆ ಹಳೆಯ ಕೊಡೆಯ ಕಡ್ಡಿಗಳು, ಹೊಟ್ಟೆಯಲ್ಲಿ ಯಾರದೋ ಮಿಕ್ಸರಿನ ಮೋಟರು, ಬದಿಗೆ ಗುಜರಿಯಿಂದ ತಂದ ಧ್ವನಿವರ್ಧಕ. ಅಲ್ಲಿಂದ ಒಂದು ವೈರು ನಮ್ಮ ಕಂಪ್ಯೂಟರಿಗೆ, ಇನ್ನೊಂದು ಮುಂಬಾಗಿಲಿನ ವಿದ್ಯುತ್ ಚಿಲಕಕ್ಕೆ. ಚಿಲಕಕ್ಕೆ ಯಾಕೆ ಅಂದರೆ, ವೈರು ಉಳಿದಿತ್ತಂತೆ!

ನನಗೆ ಬೇಕಾದದ್ದು ಯಂತ್ರವಲ್ಲ, ನನ್ನ ಹಾಲ್ ಟಿಕೆಟ್. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆಯೇ ನನ್ನನ್ನು ಮದುವೆ ಮಾಡಿ ಕಳಿಸಿದ್ದರು. ಮಕ್ಕಳನ್ನೆಲ್ಲ ಓದಿಸಿ ದಡ ಮುಟ್ಟಿಸಿದ ಮೇಲೆ, ಈ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಿದ್ದೆ. ರೊಟ್ಟಿ ಬಡಿಯುತ್ತ ಸೂತ್ರಗಳನ್ನು ಬಾಯಿಪಾಠ ಮಾಡಿದ್ದೆ. ಹಾಲ್ ಟಿಕೆಟ್ಟನ್ನು ವೆಬ್‌ಸೈಟಿನಿಂದ ತೆಗೆದುಕೊಳ್ಳಲು ಅವತ್ತು ಸಂಜೆ ಐದೇ ಕಡೆಯ ಗಡುವು. ಆದರೆ ಹೆಸರು, ಪಾಸ್‌ವರ್ಡ್ ಹಾಕಿ ಒತ್ತಿದರೆ ಪುಟ ಗರಗರ ತಿರುಗಿ ಮತ್ತೆ ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು. ಎಷ್ಟು ಸಲ ಹಾಕಿದರೂ ಅದೇ ಹಾಡು! ನನಗೆ ಅಳುವೇ ಬಂದುಬಿಟ್ಟಿತ್ತು.

“ಪಾಸ್‌ವರ್ಡಿನ ತಪ್ಪಲ್ಲ, ವೆಬ್‌ಸೈಟಿನ ತಪ್ಪೂ ಅಲ್ಲ. ಇದು ಬ್ರೌಸರಿನ ರೋಗ,” ಎಂದರು ನಮ್ಮನೆಯವರು. “ನಾವು ಎಲ್ಲೆಲ್ಲಿ ಹೋಗಿ ಬಂದ್ವಿ ಅಂತ ಅದು ಚೀಟಿ ಬರದು ಕಿಸೆದಾಗ ಇಟ್ಗೊಂಡಿರತೈತಿ. ಅದಕ್ಕ ಕುಕೀಸ್ ಅಂತಾರ. ಹಳೇ ಚೀಟಿ ತೋರಿಸಿದ್ರ ವೆಬ್‌ಸೈಟು ಒಳಗ ಬಿಡತೈತೇನು? ಅದಕ್ಕ ಕಿಸೆ ಸಮೇತ ಒಗದು ಒಣಗಿಸಬೇಕು!”

“ಅಣ್ಣಾರ, ಸೆಟ್ಟಿಂಗ್ಸಿಗೆ ಹೋಗಿ ಆ ಚೀಟಿ ಅಳಿಸಿಬಿಟ್ರ ಆತಲ್ರಿ? ನನ್ನ ಮಗಳು ಹಂಗ ಮಾಡ್ತಾಳ. ಇಲ್ಲಾಂದ್ರ ಬ್ಯಾರೆ ಬ್ರೌಸರ್ ತಗೀತಾಳ,” ಎಂದಳು ಕಸ್ತೂರಿ.

ನಮ್ಮನೆಯವರು ಅವಳನ್ನು ಕನಿಕರದಿಂದ ನೋಡಿದರು. “ತಂಗೀ, ಅದು ಸಾದಾ ಮಂದಿ ಮಾಡೂ ಕೆಲಸ.”

“ನಾವೂ ಸಾದಾ ಮಂದಿನ ಅದೀವ್ರೀ!” ಎಂದು ನಾನು ಕೂಗುವಷ್ಟರಲ್ಲಿ ಅವರು ಗುಂಡಿ ಒತ್ತಿಯೇಬಿಟ್ಟರು.

ಯಂತ್ರ ಗುಡುಗಿತು. ಕೊಡೆಯ ಕಡ್ಡಿಗಳು ಬಿಚ್ಚಿಕೊಂಡು ತಿರುಗತೊಡಗಿದವು. ಪರದೆಯ ಮೇಲೆ ನೊರೆ ಬಂತು! ಸುಳ್ಳಲ್ಲ, ಗಾಜಿನ ಒಳಗಿನಿಂದ ಬಿಳಿಯ ನೊರೆ. ಅದು ಇಳಿದಾಗ ಬ್ರೌಸರ್ ಫಳಫಳ ಹೊಳೆಯುತ್ತಿತ್ತು. ವೆಬ್‌ಸೈಟು ಒಂದೇ ಏಟಿಗೆ ತೆರೆಯಿತು. ನಾನು ಖುಷಿಯಿಂದ ಕುರ್ಚಿ ಎಳೆದುಕೊಂಡು ಪಾಸ್‌ವರ್ಡಿನ ಮೊದಲ ಅಕ್ಷರ ಒತ್ತಿದೆ.

“ನಿಲ್ಲಿ! ಯಾರು ನೀವು?” ಎಂದಿತು ಧ್ವನಿವರ್ಧಕ, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂತೆಂದು ಕೂಗುವ ಗತ್ತಿನಲ್ಲಿ.

“ಹೆದರಬ್ಯಾಡ, ಅದು ಕಾವಲು,” ಎಂದು ನಮ್ಮನೆಯವರು ಬೀಗಿದರು. “ಎಲ್ಲಾ ಮರೆತ ಮ್ಯಾಲೆ ಮನಿಯವರು ಯಾರು, ಕಳ್ಳರು ಯಾರು ಅಂತ ಅದಕ್ಕ ಗುರುತು ಸಿಗಬೇಕಲ್ಲ? ಒಂದು ಪ್ರಶ್ನೆ ಇಟ್ಟೀನಿ. ಈ ಮನ್ಯಾಗ ಎಲ್ಲಾರಿಗೂ ಗೊತ್ತಿರೋ ಉತ್ತರ!”

“ಈ ಮನೆಯ ಯಜಮಾನರ ಹೆಸರೇನು? ಮನೆಯ ಸದಸ್ಯರೇ ಬಾಯಿಬಿಟ್ಟು ಹೇಳತಕ್ಕದ್ದು,” ಎಂದಿತು ಯಂತ್ರ.

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ತಲೆಯ ಮೇಲಿನ ಜಂತೆ ನೋಡಿದರು.

“ಏನ್ರೀ!” ಎಂದೆ ನಾನು, ಬಹಳ ಉದ್ದವಾಗಿ. “ನಾ ಹೆಂಗ ಹೇಳ್ಲಿ ಅದನ್ನ? ಪ್ರಶ್ನಾ ಇಡಾಕ ಬ್ಯಾರೆ ಏನೂ ಸಿಗಲಿಲ್ಲೇನ್ರಿ ನಿಮಗ?”

“ಅಯ್ಯ, ಅದೊಂದು ಲಕ್ಷ್ಯಕ್ಕ ಬರಲಿಲ್ಲ ನೋಡು,” ಎಂದು ಅವರು ತಲೆ ಕೆರೆದುಕೊಂಡರು. “ಅವ್ವಾ, ನೀ ಹೇಳು.”

“ಏ, ನಿನಗ ಇಟ್ಟಿದ್ದು ನಮ್ಮ ಮಾವನ ಹೆಸರೋ!” ಎಂದು ಅತ್ತೆ ಸಿಡಿದರು. “ಮಾವನ ಹೆಸರು ನಾ ಬಾಯಿಲೆ ಅನ್ನಲೇನು? ಅದಕ್ಕ ನಿನ್ನ ತೊಟ್ಟಲದಾಗಿಂದ ಸಣ್ಣಪ್ಪಾ, ಸಣ್ಣಪ್ಪಾ ಅಂತ ಕರಕೋತ ಬಂದೀನಿ!”

ನಾವೆಲ್ಲ ಕಸ್ತೂರಿಯ ಕಡೆ ತಿರುಗಿದೆವು. ಅವಳು ಬಟ್ಟಲನ್ನು ಎದೆಗೆ ಅಡ್ಡ ಹಿಡಿದಳು. “ನನ್ನ ನೋಡಬ್ಯಾಡ್ರಿ! ನಾ ಈ ಮನಿಯಾಕಿ ಅಲ್ಲ. ಮ್ಯಾಲಾಗಿ ನಮ್ಮನಿಯವರದೂ ಅದ ಹೆಸರು!”

ಅದೂ ನಿಜ. ಅದು ನಮ್ಮ ಓಣಿಯಲ್ಲಿ ಒಂದು ಸಲ ಕೂಗಿದರೆ ಮನೆಗೊಬ್ಬರು ‘ಓ’ ಎನ್ನುವ ಹೆಸರು.

“ಹೋಗ್ಲಿ ಬಿಡ್ರಿ, ನನ್ನ ಹೆಸರು ನಾನ ಹೇಳ್ತೀನಿ,” ಎಂದು ನಮ್ಮನೆಯವರು ಧ್ವನಿವರ್ಧಕಕ್ಕೆ ಬಾಯಿಟ್ಟು ತಮ್ಮ ಹೆಸರು ಹೇಳಿದರು.

“ಈ ಹೆಸರಿನವರು ಈಗಾಗಲೇ ಲಾಗಿನ್ ಆಗಿದ್ದಾರೆ. ಒಬ್ಬರೇ ಎರಡು ಸಲ ಬರುವಂತಿಲ್ಲ. ಲಾಗ್ ಔಟ್ ಆಗುವಿರಾ?”

“ಹೂಂ ಅನಬ್ಯಾಡ್ರಿ! ಮೊದಲು ವಿಚಾರ ಮಾಡ್ರಿ!” ಎಂದೆ.

“ಹೂಂ,” ಎಂದರು ನಮ್ಮನೆಯವರು.

ಯಂತ್ರ ಅವರನ್ನು ಬ್ರೌಸರಿನಿಂದ ಲಾಗ್ ಔಟ್ ಮಾಡಿತೋ, ಸಂಸಾರದಿಂದಲೇ ಮಾಡಿತೋ ಗೊತ್ತಿಲ್ಲ. ಕೊಡೆಯ ಕಡ್ಡಿಗಳು ಮನೆಯ ಉದ್ದಗಲಕ್ಕೂ ನೊರೆ ಚಿಮ್ಮಿಸಿದವು. ಅವರ ಆರಾಮ ಕುರ್ಚಿ ಅವರನ್ನು ಕಂಡು ಪಟ್ಟನೆ ಮಡಚಿಕೊಂಡಿತು! ಅವರ ಚಪ್ಪಲಿಗಳು ಮಂಚದ ಕೆಳಗೆ ಸರಿದವು! ಗೋಡೆಯ ಮೇಲಿನ ಮದುವೆಯ ಫೋಟೊದಲ್ಲಿ ನಾನೊಬ್ಬಳೇ ಬಾಸಿಂಗ ಕಟ್ಟಿಕೊಂಡು ನಿಂತಿದ್ದೆ. ಅತ್ತೆ ಕಣ್ಣು ಕಿರಿದು ಮಾಡಿ ಮಗನನ್ನು ಮೇಲಿಂದ ಕೆಳಗೆ ನೋಡಿದರು.

“ಯಾರಪ್ಪಾ ನೀ? ಮಿಕ್ಸರ್ ರಿಪೇರಿಯಾಂವಾ ಏನು? ಬನೀನ ಮ್ಯಾಲ ಮಂದಿ ಮನಿಗೆ ಬರತಾರೇನು?”

“ಅವ್ವಾ! ನಾ ನಿನ್ನ ಮಗಾ!”

“ಎಲ್ಲಾರೂ ಹಂಗ ಅಂತಾರಪ್ಪಾ. ಹೊರಗ ನಿಂತು ಮಾತಾಡು.”

ಅವರು ಹೊರಗೆ ಕಾಲಿಟ್ಟದ್ದೇ ತಡ, ಬಾಗಿಲು ಧಡಾರನೆ ಮುಚ್ಚಿ ಚಿಲಕ ಬಿತ್ತು. ನಮ್ಮನೆಯವರು ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ನಿಂತು ಕಿಟಕಿಯ ಸರಳು ಹಿಡಿದುಕೊಂಡರು.

ಆಶ್ಚರ್ಯವೆಂದರೆ, ನನಗೆ ಮಾತ್ರ ಅವರ ನೆನಪು ಹೋಗಲಿಲ್ಲ. ಎಷ್ಟು ಒಗೆದರೂ ಬಿಡದ ಕಲೆಯೂ ಇರುತ್ತದಲ್ಲ!

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಮ್ಮ ಓಣಿಯಲ್ಲಿ ಬ್ರೌಸರಿಗೆ ಜ್ವರ ಬಂದು ನಿಜವಾಗಿಯೂ ಎಮ್ಮೆಗೇ ಏಟು ಬಿತ್ತು. ನೊರೆ ಗೋಡೆ ದಾಟಿ ಹೋಗಿ, ಕಸ್ತೂರಿಯ ಎಮ್ಮೆ ತನ್ನ ಕರುವನ್ನೇ ಅಪರಿಚಿತರಂತೆ ಮೂಸಿ ನೋಡತೊಡಗಿತು. ನಮ್ಮ ಫ್ರಿಜ್ಜು ತಂಪು ಮಾಡುವುದನ್ನು ಮರೆತು ಹಾಲು ಕಾಯಿಸಿತು. ಕುಕ್ಕರು ಎಷ್ಟು ಸೀಟಿ ಹೊಡೆದೆನೆಂಬುದನ್ನು ಮರೆತು ಮತ್ತೆ ಮತ್ತೆ ಮೊದಲಿನಿಂದ ಶುರು ಮಾಡಿತು. ಕಸ್ತೂರಿ ತನ್ನ ಮೊಬೈಲಿನಲ್ಲಿ ನನ್ನ ಹಾಲ್ ಟಿಕೆಟ್ ತೆಗೆಯೋಣವೆಂದು ಹೊರಟರೆ, ಅದೂ “ಯಾರು ನೀವು?” ಎಂದಿತು.

“ಏನ್ರೀ, ಪ್ಲಗ್ ಕಿತ್ತುಬಿಡ್ಲ್ಯಾ?” ಎಂದು ಕಿಟಕಿಗೆ ಹೋಗಿ ಕೇಳಿದೆ.

“ಬ್ಯಾಡ! ಕಿತ್ತರ ಎಲ್ಲಾ ಹಂಗ ಗಟ್ಟಿ ಆಗಿಬಿಡತೈತಿ! ನಾ ಜೀವನಪರ್ಯಂತ ಕಟ್ಟಿ ಮ್ಯಾಲ!”

ಒಂದು ಕ್ಷಣ ನನ್ನ ಕೈ ಪ್ಲಗ್ಗಿನ ಮೇಲೆಯೇ ಇತ್ತು. ಬಚ್ಚಿಡುವುದೇಕೆ, ಇತ್ತು. ಆದರೆ ಪ್ಲಗ್ ಕಿತ್ತರೆ ನನ್ನ ಹಾಲ್ ಟಿಕೆಟ್ಟೂ ಹೋಗುತ್ತಿತ್ತು. ಐದು ಗಂಟೆ ಹತ್ತಿರ ಬಂದಿತ್ತು. ನೊರೆ ಬಡಿದ ಗಡಿಯಾರ ದಿಕ್ಕು ಮರೆತು ಹಿಂದಕ್ಕೆ ಓಡುತ್ತಿದ್ದರೂ ಓಣಿಯ ನೆರಳು ಸುಳ್ಳು ಹೇಳುವುದಿಲ್ಲ.

“ಅಕ್ಕಾ, ಒಡಪು ಹಾಕ್ರಿ!” ಎಂದಳು ಕಸ್ತೂರಿ ಥಟ್ಟನೆ. “ಒಡಪಿನ್ಯಾಗ ಹೆಸರು ಹೇಳಿದ್ರ ತಪ್ಪಿಲ್ಲಲ್ರಿ!”

ಬಂಗಾರದಂಥ ಮಾತು! ಮದುವೆ, ಸೀಮಂತಗಳಲ್ಲಿ ಹೆಂಗಸರು ಪ್ರಾಸದ ಸಾಲು ಕಟ್ಟಿ, ಅದರ ತುದಿಯಲ್ಲಿ ಗಂಡನ ಹೆಸರು ಕೂಡಿಸಿ ಹೇಳುತ್ತೇವೆ. ಒಡಪು ಹಾಕುವುದರಲ್ಲಿ ಓಣಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸೆರಗು ಸರಿಮಾಡಿಕೊಂಡು ಧ್ವನಿವರ್ಧಕದ ಮುಂದೆ ನಿಂತೆ.

“ಹಸಿ ಮೆಣಸಿನಕಾಯಿಗೆ ಬೇಕು ಎಣ್ಣಿ, ಉಪ್ಪ,
ಬಿಸಿ ರೊಟ್ಟಿಗೆ ಬೇಕು ಬೆಣ್ಣಿ, ತುಪ್ಪ,
ಮಂದಿ ಮಿಕ್ಸರ್ ಬಿಚ್ಚಿ ಕುಂತಾರ ನಮ್ಮ ಫಕ್ಕೀರಪ್ಪ!”

“ವ್ಹಾ!” ಎಂದರು ಕಿಟಕಿಯಾಚೆಯಿಂದ ನಮ್ಮನೆಯವರು. ಆ ಸ್ಥಿತಿಯಲ್ಲೂ!

“ಉತ್ತರ ತಪ್ಪು,” ಎಂದಿತು ಯಂತ್ರ. “ಉಪ್ಪು, ತುಪ್ಪ ಎಂಬ ಹೆಸರಿನ ಯಜಮಾನರು ಯಾವ ಮನೆಯಲ್ಲೂ ಇರುವುದಿಲ್ಲ. ಹೆಸರು ಮಾತ್ರ ಹೇಳಿರಿ. ಇದೇ ಕಡೆಯ ಅವಕಾಶ.”

ಬರಿಯ ಹೆಸರನ್ನು, ಅದೂ ಅತ್ತೆಯ ಮುಂದೆ, ಓಣಿಗೆಲ್ಲ ಕೇಳುವಂತೆ! ನನ್ನ ತಾಯಿ ಹೇಳಿರಲಿಲ್ಲ, ಅವರ ತಾಯಿಯೂ ಹೇಳಿರಲಿಲ್ಲ. ಅವರಾರೂ ಪರೀಕ್ಷೆಯನ್ನೂ ಬರೆದಿರಲಿಲ್ಲ.

ಅತ್ತೆ ಎದ್ದು ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟರು.

“ಹೇಳವಾ ದಾಕ್ಷಾಯಣಿ. ಹೊರಗ ನಿಂತಾಂವ ಯಾರರ ಇರಲಿ, ನಿನ್ನ ಪರೀಕ್ಷಾ ತಪ್ಪಬಾರದು. ರೊಟ್ಟಿ ಬಡಕೋತ ನೀ ಓದಿದ್ದು ನಾ ಕೇಳೀನಿ. ಹೇಳಿಬಿಡು, ನಾ ಕಿವಿ ಮುಚ್ಕೋತೀನಿ.”

ಹೇಳಿ ಎರಡೂ ಕಿವಿ ಭದ್ರವಾಗಿ ಮುಚ್ಚಿಕೊಂಡರು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳಲಾರೆ, ಬಹಳ ಹಳೆಯ ಸಿಟ್ಟು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಟ್ಟೆಯೊಳಗಿದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ.

“ಫಕ್ಕೀರಪ್ಪಾ!”

ಜಂತೆಯ ಧೂಳು ಉದುರಿತು. ಕುಕ್ಕರು ಗಪ್ಪಾಯಿತು. ಯಂತ್ರ “ಸ್ವಾಗತ, ಫಕ್ಕೀರಪ್ಪ!” ಎಂದು ಹಿಗ್ಗಿನಿಂದ ಕೂಗಿತು. ಚಿಲಕ ತೆರೆಯಿತು. ನಮ್ಮನೆಯವರು ಓಡಿ ಬಂದು ಒಳಗೆ ಬಿದ್ದರು. “ಬಂದ್ಯಾ ಸಣ್ಣಪ್ಪಾ? ಬನೀನ ಮ್ಯಾಲ ಎಲ್ಲಿಗೆ ಹೋಗಿದ್ದೀ?” ಎಂದರು ಅತ್ತೆ. ನಾನು ಯಾರನ್ನೂ ನೋಡದೆ ಪಾಸ್‌ವರ್ಡ್ ಹಾಕಿದೆ. ಪುಟ ತೆರೆಯಿತು! ಪ್ರಿಂಟರ್ ಕಿರ್ರೆಂದಿತು! ನನ್ನ ಫೋಟೊ, ನನ್ನ ಹೆಸರು, ನನ್ನ ಹಾಲ್ ಟಿಕೆಟ್! ಅದನ್ನು ಎದೆಗೊತ್ತಿಕೊಂಡು ಅಲ್ಲೇ ಕುಳಿತು ಅತ್ತುಬಿಟ್ಟೆ.

ಆದರೆ ಯಂತ್ರದ ಕೆಲಸ ಮುಗಿದಿರಲಿಲ್ಲ. ಎಲ್ಲರ ಗುರುತೂ ಒಗೆದುಹೋಗಿದ್ದರಿಂದ ಅದರ ಪಾಲಿಗೆ ಓಣಿಯ ಫಕ್ಕೀರಪ್ಪರೆಲ್ಲ ಒಬ್ಬನೇ! “ಸ್ವಾಗತ, ಫಕ್ಕೀರಪ್ಪ! ಸ್ವಾಗತ, ಫಕ್ಕೀರಪ್ಪ!” ಎಂದು ಅದು ಕೂಗಿದ ಹಾಗೆಲ್ಲ ಬಾಗಿಲಲ್ಲಿ ಒಬ್ಬೊಬ್ಬರೇ ಪ್ರತ್ಯಕ್ಷರಾದರು. ಹಿಟ್ಟಿನ ಗಿರಣಿಯ ಫಕ್ಕೀರಪ್ಪ ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಬಂದರು. ನಿವೃತ್ತ ಪೋಸ್ಟ್‌ಮನ್ ಫಕ್ಕೀರಪ್ಪ ಬಂದರು. ಬಳೆಯಂಗಡಿಯ ಫಕ್ಕೀರಪ್ಪ ಬಂದರು. ಕಸ್ತೂರಿಯ ಗಂಡ ಅರ್ಧ ಗಡ್ಡ ಬೋಳಿಸಿಕೊಂಡು ಸೋಪಿನ ಮುಖದಲ್ಲೇ ಬಂದು, ನಮ್ಮನೆಯವರ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, “ಚಾ ಆತೇನು?” ಎಂದರು.

“ಏನ್ರೀ! ಅದು ನಮ್ಮ ಮನಿ ಅಲ್ರೀ!” ಎಂದು ಕಸ್ತೂರಿ ಬಟ್ಟಲು ಎತ್ತಿದಳು.

ಅಷ್ಟರಲ್ಲಿ ಪ್ರಿಂಟರ್ ಮತ್ತೆ ಕಿರ್ರೆಂದಿತು. ನನ್ನ ಲಾಗಿನ್ನಿನ ಬೆನ್ನು ಹತ್ತಿ ಅವರೆಲ್ಲರೂ ವೆಬ್‌ಸೈಟಿನೊಳಕ್ಕೆ ನುಗ್ಗಿದ್ದರು. ಒಂದೊಂದು ಹಾಳೆಯ ಮೇಲೂ ಒಬ್ಬೊಬ್ಬ ಫಕ್ಕೀರಪ್ಪನ ಫೋಟೊ. ಹಿಟ್ಟಿನ ಮುಖದ್ದೊಂದು, ಸೋಪಿನ ಮುಖದ್ದೊಂದು, ಬನಿಯನ್ನಿನದೊಂದು. ಎಲ್ಲರಿಗೂ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್! ಕಡೆಯ ಹಾಳೆ ಹೊರಬಿದ್ದ ಮೇಲೆ ಯಂತ್ರ ಒಮ್ಮೆ ಬಿಕ್ಕಳಿಸಿ, ಕೊಡೆ ಮಡಚಿಕೊಂಡು ಶಾಶ್ವತವಾಗಿ ಆರಿತು.

“ಇದನ್ನ ಏನ್ ಮಾಡೂದು?” ಎಂದು ಗಿರಣಿಯವರು ಹಾಳೆಯನ್ನು ತಿರುಗಿಸಿ ನೋಡಿದರು.

“ಪುಕ್ಕಟೆ ಬಂದೈತಿ, ಬಿಡೂದ್ಯಾಕ? ಬರದುಬಿಡೂಣು!” ಎಂದರು ನಮ್ಮನೆಯವರು. “ಎಸ್ಸೆಸ್ಸೆಲ್ಸಿ ಅಂದ್ರ ನನಗ ಮಕ್ಕಳಾಟ ಇದ್ದಂಗ!”

ಬರೆದೆವು. ನನ್ನ ಹಿಂದಿನ ಬೆಂಚುಗಳ ತುಂಬ ಫಕ್ಕೀರಪ್ಪರು. ಮೇಲ್ವಿಚಾರಕರು ಹಾಜರಿ ಕರೆದಾಗಲೆಲ್ಲ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. “ದಾಕ್ಷಾಯಣಿ, ಏ, ಸ್ವಲ್ಪ ಸರಿಯ, ಕಾಣವಲ್ದು,” ಎಂದು ಬೆನ್ನ ಹಿಂದೆ ಯಾರೋ ಪಿಸುಗುಟ್ಟಿದರು. ಯಾರೆಂದು ನನಗೆ ಗೊತ್ತು. ನಾನು ಸರಿಯಲಿಲ್ಲ.

ಮೊನ್ನೆ ಫಲಿತಾಂಶ ಬಂತು. ನಾನು ಮೊದಲನೆಯ ದರ್ಜೆಯಲ್ಲಿ ಪಾಸು. ಅತ್ತೆ ಓಣಿಗೆಲ್ಲ ಪೇಡೆ ಹಂಚಿಸಿದರು. ನಮ್ಮನೆಯವರು ಉಳಿದ ವಿಷಯಗಳಲ್ಲಿ ಹೇಗೋ ಪಾರಾಗಿದ್ದಾರೆ. ಹೋದದ್ದು ಒಂದರಲ್ಲಿ ಮಾತ್ರ, ವಿಜ್ಞಾನದಲ್ಲಿ.