ಕೆಂಪು ದೀಪದ ನಮಸ್ಕಾರ

ಕೆಟ್ಟ ಕಂಪ್ಯೂಟರುಗಳು ನನ್ನ ಹೆಸರು ಕೇಳಿದರೆ ಸಾಕು, ತಾವಾಗಿ ಎದ್ದು ಕೂರುತ್ತವೆ. ಒಮ್ಮೆ ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ಅದಿರು ತುಂಬಿದ ಹಡಗೊಂದು ಕಂಪ್ಯೂಟರ್ ಕೈಕೊಟ್ಟು ನಿಂತುಬಿಟ್ಟಿತ್ತು. ನಾನು ದಡದಲ್ಲಿ ನಿಂತು ಒಂದು ಸಲ ಕೆಮ್ಮಿದೆ. ಹಡಗು ಹೊರಟೇಬಿಟ್ಟಿತು. ಚಹಾ ಕುಡಿಯಲು ಇಳಿದಿದ್ದ ಕ್ಯಾಪ್ಟನ್ ಹಿಂದೆ ಈಜಬೇಕಾಯಿತು.

ಇಂಥ ನಾನು ಪಕ್ಕದ ಮನೆಯಲ್ಲಿದ್ದೂ ಮಾಂತೇಶನಿಗೆ ಆ ದಿನ ಅಷ್ಟು ಕಷ್ಟ ಬಂತು. ಬಂದರಿನಲ್ಲಿ ಕ್ರೇನುಗಳ ವೈರಿಂಗ್ ನೋಡಿಕೊಳ್ಳುವ ಮಾಂತೇಶನಿಗೆ, ಮನೆಯಲ್ಲೇ ಕೂತು ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋದ ಹುಚ್ಚು. ಪರೀಕ್ಷೆ ಬರೆದು ಲೈಸೆನ್ಸ್ ಪಡೆದಿದ್ದ; ಸ್ವಂತ ರೇಡಿಯೋ ಮಾತ್ರ ಇರಲಿಲ್ಲ. ಹವ್ಯಾಸಿಗಳ ಕ್ಲಬ್ಬು ತನ್ನದೊಂದು ಸೆಟ್ಟನ್ನು ಅವನ ಮನೆಯಲ್ಲಿಟ್ಟಿತ್ತು. ಮಳೆಗಾಲದಲ್ಲಿ ಫೋನು ಸತ್ತರೆ, ಕಂಪ್ಯೂಟರಿನಲ್ಲಿ ಬರೆದ ಸುದ್ದಿಯನ್ನು ರೇಡಿಯೋ ಮೂಲಕ ಕಳಿಸಬೇಕು. ಆ ಸಂಜೆ ಅದರ ತಾಲೀಮು. ದಕ್ಷಿಣದ ತುದಿಯ ಕಾಣಕೋಣದಲ್ಲಿ ಕೂತ ಕ್ಲಬ್ಬಿನ ಕಾರ್ಯದರ್ಶಿ ರಂಜನಾ ಮೇಡಂಗೆ ಸುದ್ದಿ ಮುಟ್ಟಿದರೆ ಸೆಟ್ಟು ಅವನಲ್ಲೇ ಉಳಿಯುತ್ತದೆ. ಇಲ್ಲವಾದರೆ ಮಡ್ಕಯಿ ಊರಿನ ಇನ್ನೊಬ್ಬ ಹವ್ಯಾಸಿಯ ಪಾಲು.

ಬೆಳಿಗ್ಗೆ ಮಾಂತೇಶ ರೇಡಿಯೋಗೂ ಲ್ಯಾಪ್‌ಟಾಪಿಗೂ ನಡುವೆ ಕೇಬಲ್ ಜೋಡಿಸಿ, ರೇಡಿಯೋದ ಗುಂಡಿಗಳನ್ನೆಲ್ಲ ಒತ್ತಿ ಸಿದ್ಧಮಾಡಿ, ಲ್ಯಾಪ್‌ಟಾಪ್ ತೆರೆದ. ಲ್ಯಾಪ್‌ಟಾಪ್ ಮುದಿಯಾಗಿತ್ತು, ಬಂದ ಅಪ್‌ಡೇಟ್ ದೊಡ್ಡದಿತ್ತು. ಉಪ್ಪಿಟ್ಟು ಮುಗಿಯಿತು, ಎರಡು ಸಲ ಚಹಾ ಮುಗಿಯಿತು. ಪರದೆಯ ಮೇಲಿನ ಚಕ್ರ ಗಾಣದ ಎತ್ತಿನಂತೆ ಸುತ್ತುತ್ತಲೇ ಇತ್ತು.

ಇಂಥ ಹೊತ್ತಿನಲ್ಲಿ ನಾನು ಹೋಗದಿದ್ದರೆ ಹೇಗೆ? ಹೋದೆ. ವಿಂಡೋಸ್ ತೆಗೆದು ಲಿನಕ್ಸ್ ಹಾಕು ಎಂದೆ. ಪುಕ್ಕಟೆ, ಹಳೆಯ ಯಂತ್ರದಲ್ಲೂ ಓಡುತ್ತದೆ, ಕೇಳದೆ ಅಪ್‌ಡೇಟ್ ಆಗುವುದಿಲ್ಲ, ಚಂದ್ರನ ಮೇಲಿನವರೂ ಅದನ್ನೇ ಬಳಸುತ್ತಾರೆ ಎಂದೆ. ನನ್ನ ಹಿಂದೆಯೇ ಬಂದ ಲಾರಿ ಡ್ರೈವರ್ ಮಲಿಕಸಾಬ ಬಾಗಿಲಲ್ಲೇ ಅಡ್ಡ ಹಾಕಿದ.

"ಕ್ಲಬ್ಬಿನ್ಯಾಗ ಎಲ್ಲಾರೂ ವಿಂಡೋಸ್ ಇಟ್ಕೊಂಡಾರ. ಕೆಟ್ರ ಹತ್ತು ಮಂದೀನ ಕೇಳಬಹುದು. ಲಿನಕ್ಸ್ ಹಾಕ್ಕೊಂಡ್ರ ಯಾರನ್ನ ಕೇಳ್ತಾನ?"

"ನನ್ನ ಕೇಳ್ತಾನ."

"ಅದಕ್ಕ ಬ್ಯಾಡ ಅನ್ನಾಕತ್ತೇನಿ."

ಜಗಳ ಲಿನಕ್ಸಿನಿಂದ ಕ್ಲಬ್ಬಿಗೆ, ಕ್ಲಬ್ಬಿನಿಂದ ರಂಜನಾ ಮೇಡಂವರೆಗೆ ಹೋಯಿತು. ಅವರು ಭಾಳ ಕಟ್ಟುನಿಟ್ಟು ಎಂದ ಮಲಿಕಸಾಬ. ಲೈಸೆನ್ಸ್ ನೋಡದೆ ಕಾಗೆಗೂ ಕೂಗಲು ಬಿಡದ ಹೆಂಗಸು ಎಂದು ನಾನೂ ಸೇರಿಸಿದೆ. ಮಾಂತೇಶ ನಡುವೆ ಕೂತು, ಇಬ್ಬರು ಸೊಸೆಯಂದಿರ ಮಾವನಂತೆ ಇಬ್ಬರಿಗೂ ತಲೆಯಾಡಿಸುತ್ತಿದ್ದ.

ಅವನ ತಾಯಿ ಭಾಗವ್ವ ಮಾತ್ರ ರೇಡಿಯೋವನ್ನೇ ನೋಡುತ್ತಿದ್ದಳು. "ನಾವು ಮಾತಾಡಿದಾಗೊಮ್ಮೆ ಆ ಕೆಂಪ ದೀಪ ಹತ್ತತೈತಲ್ಲ, ಯಾಕೋ ಹಣಮಪ್ಪಾ?"

ನನಗೆ ಗೊತ್ತಿಲ್ಲದ್ದು ಇದೆಯೇ? "ನಿಮಗ ನಮಸ್ಕಾರ ಮಾಡಾಕತ್ತೈತ್ರಿ ಚಿಗವ್ವಾ," ಎಂದೆ. ಪಾಪ, ಅವಳೂ ಕೈ ಮುಗಿದಳು.

ಮಧ್ಯಾಹ್ನ ಚಕ್ರ ಇನ್ನೂ ಸುತ್ತುತ್ತಿದ್ದುದನ್ನು ಕಂಡು ಮಾಂತೇಶ ಸೋತ. ನಾನು ಪೆನ್‌ಡ್ರೈವ್ ಚುಚ್ಚಿದೆ. ಅವನು ಮಾಳಿಗೆಯ ಮೇಲಿನ ಆಂಟೆನಾ ತಂತಿ ನೋಡಲು ಹತ್ತಿದಾಗ ಮೇಜಿನ ಬಳಿಯೇ ಭಾಗವ್ವನ ಕಿವಿಯಲ್ಲಿ ಒಂದು ಗುಟ್ಟು ಹೇಳಿದೆ. ಅದು ಈಗ ಬೇಡ. ಅವನು ಇಳಿದು ಬರುವಷ್ಟರಲ್ಲಿ ಲಿನಕ್ಸ್ ಕೂತಿತ್ತು. ಪರದೆಯ ಮೇಲೆ ಪೋರ್ಚುಗೀಸ್ ಭಾಷೆ ಬಂದಿತ್ತು.

"ಗೋವಾದಾಗ ಹಾಕಿದ್ರ ಹಿಂಗ ಬರತೈತಿ," ಎಂದು ಸಮಾಧಾನ ಮಾಡಿದೆ. ಮಲಿಕಸಾಬ ಗೋಡೆಗೆ ಒರಗಿ ನಕ್ಕು ನಕ್ಕು ಕೆಳಗೆ ಜಾರಿದ.

ಮಾಂತೇಶ ಬೆವರು ಒರೆಸಿಕೊಳ್ಳುತ್ತ ಒಂದೊಂದೇ ಕಡೆ ಒತ್ತಿ ನೋಡಿ ಭಾಷೆ ಬದಲಿಸಿದ. ರೇಡಿಯೋ ಪ್ರೋಗ್ರಾಮನ್ನೂ ಹಾಕಿಕೊಂಡ. ಸಂಜೆ "ಎಲ್ಲಾ ಕ್ಷೇಮ" ಎಂದು ಬರೆದು ಕಳಿಸಿದ. ರೇಡಿಯೋದ ಕೆಂಪು ದೀಪ ಹತ್ತಿ ಆರಿತು. ಆಮೇಲೆ ಪರದೆಯ ಮೇಲೆ ಅಕ್ಷರಗಳು ಇರುವೆಗಳಂತೆ ಸಾಲಾಗಿ ಬಂದವು. ರಂಜನಾ ಮೇಡಂ ವಿಜಯಪುರದ ಕಡೆಯವರು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತನ್ನೇ ಬರೆದಿದ್ದರು. ಮಾಂತೇಶ ಗಟ್ಟಿಯಾಗಿ ಓದಿದ.

"ನಿಮ್ಮ ಸುದ್ದಿ ಮುಟ್ಟೈತ್ರಿ ಮಾಂತೇಶ. ಮುಂಜಾನಿಂದ ಎಲ್ಲಾ ಮುಟ್ಟೈತಿ."

ಸದ್ದಾದೊಡನೆ ರೇಡಿಯೋ ಕೆಂಪು ದೀಪ ಹತ್ತಿಸಿ ತಾನೇ ಪ್ರಸಾರ ಮಾಡುವ ಗುಂಡಿಯೊಂದಿದೆಯಂತೆ. ಕಂಪ್ಯೂಟರ್ ಸದ್ದಾಗಿ ಕೊಡುವ ಸುದ್ದಿ ಹೊರಗೆ ಹೋಗಲೆಂದು ಮಾಂತೇಶ ಬೆಳಿಗ್ಗೆ ಅದನ್ನು ಒತ್ತಿದ್ದ. ಮೇಜಿನ ಮೇಲಿನ ಮೈಕ್ ಕೀಳುವುದನ್ನು ಮರೆತಿದ್ದ. ರಂಜನಾ ಮೇಡಂ ಎಷ್ಟು ಕರೆದರೂ ನಮಗೆ ಕೇಳಿಸಿರಲಿಲ್ಲ. ಅವರ ದನಿಯೆಲ್ಲ ಕೇಬಲ್ ಹಿಡಿದು ಕಂಪ್ಯೂಟರಿನೊಳಗೆ ಹೋಗುತ್ತಿತ್ತು. ಲೈಸೆನ್ಸ್ ಇಲ್ಲದವರು ಇಡೀ ದಿನ ಮಾತಾಡಿದ್ದರಿಂದ ಸೆಟ್ಟನ್ನು ನಾಳೆಯೇ ಮಡ್ಕಯಿಗೆ ಕಳಿಸಬೇಕು ಎಂದು ಬರೆದಿದ್ದರು. ಕೊನೆಗೆ ಇನ್ನೆರಡು ಸಾಲು ಬಂದವು.

"ಕೇಳಾಕತ್ತಿದ್ದ ಕ್ಲಬ್ಬಿನ ಕೊಂಕಣಿ ಮಂದಿಗೆ ನಾನ ಅರ್ಥ ಬಿಡಿಸಿ ಹೇಳೇನ್ರಿ, ಕಾಗಿ ಮಾತು ಸೈತ. ಹಣಮಪ್ಪ ಅನ್ನವರು ತಾಯಿಗೆ ಹೇಳಿದ ಗುಟ್ಟು ನಿಮಗೂ ಹೇಳಲಿ."

ಮಾಂತೇಶ ನನ್ನ ಕಡೆ ತಿರುಗಿದ. ಅವನ ಮುಖ ನೋಡಿ ನನ್ನ ಬಾಯಿಗೆ ಸುಳ್ಳೇ ಬರಲಿಲ್ಲ. ನಾನು ಮೊಬೈಲ್ ಕವರ್ ಮಾರುವವನು. ಈ ಕೈಯಿಂದ ಒಂದು ಕಂಪ್ಯೂಟರೂ ಸರಿಹೋಗಿಲ್ಲ. ಭಾಗವ್ವನಿಗೆ ಹೇಳಿದ್ದನ್ನು ಅವನಿಗೂ ಹೇಳಿದೆ: "ನನಗ ಇದರಾಗ ಏನೂ ತಿಳಿಯಂಗಿಲ್ಲ. ಎಂಟರ್ ಅಷ್ಟ ಒತ್ತಾಕತ್ತಿದ್ದೆ. ಆ ದೀಪ ಯಾಕ ಹತ್ತತೈತಿ ಅಂತನೂ ಗೊತ್ತಿರಲಿಲ್ಲ."

ದೀಪ ಆಗಲೂ ಹತ್ತಿಯೇ ಇತ್ತು.

"ಮತ್ತ ಆ ಹಡಗು, ಹಣಮಪ್ಪಣ್ಣ?" ಎಂದ ಮಾಂತೇಶ.

ಕೆಮ್ಮಿದ್ದು ಖರೆ. ಹಡಗು ಹಿಂದಿನ ದಿನವೇ ಹೋಗಿತ್ತು.