ಹನ್ನೊಂದು ಸೆಕೆಂಡಿನ ಮಳೆ

ಪ್ರಸಿದ್ಧನಲ್ಲದ ಮನುಷ್ಯನಿಗೂ ಒಂದು ಪ್ರಸಿದ್ಧ ಸುಳ್ಳು ಇರಬಹುದು. ನನಗಿದೆ. ಕಾಲೇಜು ಮುಗಿದ ಹೊಸದರಲ್ಲಿ ನಾನೂ ಗೆಳೆಯ ನಾಗರಾಜನೂ ಸೇರಿ ‘ಒಳಗೆ ಮಳೆ’ ಎಂಬ ರಾಕ್ ಹಾಡೊಂದನ್ನು ಮಾಡಿದ್ದೆವು. ಮಾತು, ಗಿಟಾರು, ಗಂಟಲು ನನ್ನವು. ಡ್ರಮ್ಮು ಮತ್ತು ರೆಕಾರ್ಡಿಂಗು ಅವನದು. ಹಾಡು ಹನ್ನೊಂದು ಸೆಕೆಂಡಿನ ಮಳೆಯ ಸದ್ದಿನಿಂದ ಶುರುವಾಗುತ್ತದೆ, ಆಮೇಲೆ ಗಿಟಾರ್ ಬರುತ್ತದೆ, ಆಮೇಲೆ ನಾನು. ಹೇಗೋ ಏನೋ, ಅದು ನಮ್ಮ ಕಡೆ ನಿಂತುಬಿಟ್ಟಿತು. ಗಣೇಶನ ಪೆಂಡಾಲುಗಳಲ್ಲಿ ಭಕ್ತಿಗೀತೆಗಳಿಗೆ ಸುಸ್ತಾದ ಮೇಲೆ ಅದನ್ನೇ ಹಾಕುತ್ತಿದ್ದರು. ಕಾಲೇಜು ಡೇಗಳಲ್ಲಿ ಈಗಲೂ ಹಾಡುತ್ತಾರೆ. ‘ಕ್ಲಾಸಿಕ್’ ಎನ್ನುವವರೂ ಇದ್ದಾರೆ. ಹಳೆಯದಾಗಿಯೂ ಬೈಸಿಕೊಳ್ಳದೆ ಉಳಿದದ್ದಕ್ಕೆ ಹಾಗೆನ್ನುತ್ತಾರೆಂದು ನಾನು ತಿಳಿದಿದ್ದೇನೆ.

ಹಾಡು ಹೆಸರಾದ ಮೇಲೆ ಜನ ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಸ್ಫೂರ್ತಿ ಏನು? ಮಾಲೂರಿನಲ್ಲಿ ಕೇಳಿದಾಗ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಮಳೆಗೆ ಸಿಕ್ಕಿಕೊಂಡ ಒಂದು ಸಂಜೆ ಎಂದೆ. ಮುಳಬಾಗಿಲಿನಲ್ಲಿ ಬೆಟ್ಟದ ಬಂಡೆಯ ಕೆಳಗೆ ನಿಂತಿದ್ದೆ ಎಂದೆ. ಶ್ರೀನಿವಾಸಪುರದಲ್ಲಿ ಮಾವಿನ ತೋಪು ಬೇಕೇ ಬೇಕಾಯಿತು. ಎದುರಿಗೆ ಕೂತವರಲ್ಲಿ ಅರ್ಧ ಜನ ಮಾವಿನವರು. ಕೋಲಾರದ ಪಾಠಾಂತರದಲ್ಲಿ ಬಸ್ ಸ್ಟ್ಯಾಂಡಿದೆ, ಕೊಡೆಯಿಲ್ಲದ ಒಬ್ಬ ಹುಡುಗಿಯೂ ಇದ್ದಾಳೆ. ಅವಳ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನನ್ನ ಹೆಂಡತಿ ಅವಳ ಮೇಲೆ ಸಿಟ್ಟು ಮಾಡಿಕೊಂಡು, ಆಮೇಲೆ ಕ್ಷಮಿಸಿ, ಈಗ ‘ಪಾಪ, ಎಲ್ಲಿದ್ದಾಳೋ’ ಎನ್ನುವಲ್ಲಿಗೆ ಬಂದಿದ್ದಾಳೆ. ನನಗೂ ಒಮ್ಮೊಮ್ಮೆ ಆ ಹುಡುಗಿಯ ಚೂಡಿದಾರದ ಬಣ್ಣ ನೆನಪಾಗುತ್ತದೆ. ಹುಟ್ಟಿಯೇ ಇಲ್ಲದವಳ ಚೂಡಿದಾರಕ್ಕೆ ಬಣ್ಣ ಬಳಿಯಬಲ್ಲ ನೆನಪನ್ನು ನಾನು ಯಾವ ಪಂಚಾಯ್ತಿಗೂ ಸಾಕ್ಷಿಯಾಗಿ ಕರೆದೊಯ್ಯುವುದಿಲ್ಲ. ಆದ್ದರಿಂದ ಮುಂದಿನದನ್ನು ಓದುವಾಗ ನೀವೂ ಸ್ವಲ್ಪ ಅನುಮಾನ ಇಟ್ಟುಕೊಂಡಿರಿ.

ನಿಜ ಏನೆಂದರೆ, ಆ ಸದ್ದು ಮಳೆಯದಲ್ಲ. ಸುಗಟೂರಿನಲ್ಲಿ ನನ್ನ ದೊಡ್ಡಮ್ಮ ರತ್ನಮ್ಮನ ಹುಳುಮನೆಯಲ್ಲಿ ರೇಷ್ಮೆಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿದ್ದ ಸದ್ದು. ಹುಳು ಸಾಕದವರಿಗಾಗಿ ಒಂದು ಮಾತು ಹೇಳಬೇಕು. ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಯಾರಿಂದಲೋ ಬೈಸಿಕೊಂಡವರ ಹಾಗೆ ಸುಮ್ಮನೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಬರುವ ಹಸಿವು ಮದುವೆಮನೆಯ ಮೂರನೇ ಪಂಕ್ತಿಯವರಿಗೂ ಬರುವುದಿಲ್ಲ. ಸಾವಿರಾರು ಹುಳು ಒಟ್ಟಿಗೆ ಎಲೆ ಕಡಿಯತೊಡಗಿದರೆ, ಹೊಸಬರು ಒಣಗಿಸಿದ ಬಟ್ಟೆ ತೆಗೆಯಲು ಅಂಗಳಕ್ಕೆ ಓಡಬೇಕು, ಅಂಥ ಮಳೆ. ಆ ಹಸಿವಿನ ಮೊದಲ ಸೊಪ್ಪನ್ನು ಕೈಗುಣ ಇರುವವರಿಂದ ಹಾಕಿಸುವುದು ಆ ಬೀದಿಯವರ ಪದ್ಧತಿ. ಕೈಗುಣ ಇದ್ದದ್ದು ಎದುರುಮನೆ ನಾರಾಯಣಮ್ಮನಿಗೆ. ಅವರು ಕಾಲು ತೊಳೆದು, ಸೋಂಕು ಬರದಿರಲೆಂದು ಹೊಸ್ತಿಲ ಬಳಿ ಹಾಕಿದ ಸುಣ್ಣ ತುಳಿದು ಒಳಗೆ ಬಂದು, ಹುಳುವಿನ ತಟ್ಟೆಗೊಂದು ಹಿಡಿ ಹಾಕಿ “ತಿನ್ರಮ್ಮಾ” ಎಂದರೆ ಬೆಳೆ ಗೆದ್ದ ಹಾಗೆ.

ನಾವು ರೆಕಾರ್ಡ್ ಮಾಡಿದ ದಿನ ಬೆಳಿಗ್ಗೆ ನಾರಾಯಣಮ್ಮ ಸೊಪ್ಪು ಹಾಕಿ ಹೋಗಿದ್ದರು. ದೊಡ್ಡಮ್ಮ ಹೋಳೂರಿನ ಮದುವೆಗೆ ಹೊರಟು ನಿಂತವಳು, “ಮಧ್ಯಾಹ್ನದ ಸೊಪ್ಪು ನೀನೇ ಹಾಕೋ. ನೋಡು, ಇನ್ಯಾರನ್ನೂ ಒಳಕ್ಕೆ ಬಿಡ್ಬೇಡ” ಎಂದಳು. ಬಸ್ಸು ತಿರುವು ದಾಟುವ ಮೊದಲೇ ನಾನು ನಾಗರಾಜನನ್ನು ಒಳಕ್ಕೆ ಬಿಟ್ಟಿದ್ದೆ. ಅವನದು ಸೌಂಡ್ ಸರ್ವಿಸು. ‘ಎರಡನೇ ಪಂಕ್ತಿಯವರು ಊಟಕ್ಕೆ ಬರಬೇಕು’ ಎಂದು ಕೂಗಿಸಿಕೊಂಡೇ ಸವೆದಿದ್ದ ಮೈಕನ್ನು, ಮಧ್ಯಾಹ್ನದ ಸೊಪ್ಪು ಹಾಕಿದ ಕೂಡಲೇ, ತಟ್ಟೆಗಳ ನಡುವೆ ನಿಲ್ಲಿಸಿದೆವು. ಕನ್ನಡದಲ್ಲಿ ಯಾರೂ ಮಾಡದ ಪ್ರಯೋಗ ಮಾಡುತ್ತಿದ್ದೇವೆಂಬ ಗತ್ತು ನನಗೆ. ಸ್ವಲ್ಪ ಹೊತ್ತಿಗೆ ನಾಗರಾಜ ಕಿವಿಯಿಂದ ಹೆಡ್‌ಫೋನ್ ಸರಿಸಿದ.

“ಲೇ ಮಂಜ, ಹುಳ ಚೆನ್ನಾಗ್ ಬರ್ತಾ ಐತೆ. ಮಧ್ಯದಲ್ಲಿ ಒಂದು ಸೊಳ್ಳೆ ಹಾಡ್ತಾ ಐತೆ ಕಣೋ.”

“ಶ್ರುತೀಲಿದೆಯಾ?”

“ನಿನಗಿಂತ.”

ಇದರಿಂದ ನನಗೆ ರೋಷ ಬಂತು. ಅವನ ವ್ಯಾನಿನಲ್ಲಿ ಸದಾ ಇರುತ್ತಿದ್ದ ಸೊಳ್ಳೆಬತ್ತಿ ತಂದು ಮೈಕಿನ ಬುಡದಲ್ಲಿ ಹಚ್ಚಿಟ್ಟೆ. ಹುಳುಮನೆಯಲ್ಲಿ ಊದುಬತ್ತಿಯನ್ನೂ ಹಚ್ಚಬಾರದೆಂದು ಸುಗಟೂರಿನಲ್ಲಿ ಈಗಷ್ಟೇ ನಡೆಯಲು ಕಲಿತ ಮಗುವಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಈ ಪ್ರಬಂಧ ಸಲೀಸಾಗಿ ಸಾಗುತ್ತದೆ. ಆದರೆ ಗೊತ್ತಿತ್ತು. ಹತ್ತು ನಿಮಿಷಕ್ಕೆ ಏನಾಗುತ್ತದೆ ಎಂದುಕೊಂಡೆ. ಹತ್ತೇ ನಿಮಿಷವೋ, ಮುಕ್ಕಾಲು ಗಂಟೆಯೋ, ಅದೂ ಈಗ ಖಚಿತವಿಲ್ಲ; ನೆನಪು ಪ್ರತಿ ವರ್ಷವೂ ನನಗಾಗಿ ಒಂದೆರಡು ನಿಮಿಷ ಕಡಿಮೆ ಮಾಡುತ್ತ ಬಂದಿದೆ.

ಸಂಜೆ ದೊಡ್ಡಮ್ಮ ಬಂದಾಗ ಹುಳುಗಳು ತಲೆ ಕೊಡವುತ್ತ ಹಸಿರು ಕಾರುತ್ತಿದ್ದವು. ಬೆಳಗಾಗುವಷ್ಟರಲ್ಲಿ ಹುಳುಮನೆಯಲ್ಲಿ ಸದ್ದೇ ಇರಲಿಲ್ಲ. ದೊಡ್ಡಮ್ಮ ಕಾರಣ ಹುಡುಕುತ್ತ ಹೊರಟಳು. ನಾನು ಅವಳ ಪಕ್ಕದಲ್ಲೇ ಇದ್ದುದರಿಂದ ಅವಳ ಕಣ್ಣಿಗೆ ಬೀಳಲಿಲ್ಲ. ನಾರಾಯಣಮ್ಮನಿಗೆ ಎಲೆಯಡಿಕೆಯ ಜೊತೆ ಹೊಗೆಸೊಪ್ಪಿನ ಚಟವಿತ್ತು. ಮರುದಿನ ಡೈರಿಯ ಮುಂದೆ, ಹಾಲಿನ ಕ್ಯಾನು ಹಿಡಿದು ನಿಂತ ಅರ್ಧ ಊರಿನ ಎದುರು, ದೊಡ್ಡಮ್ಮ ಅವರನ್ನು ತಡೆದಳು.

“ಹೊಗೆಸೊಪ್ಪು ಮುಟ್ಟಿದ ಕೈಲಿ ನನ್ ಹುಳಕ್ಕೆ ಸೊಪ್ಪು ಹಾಕಿದ್ಯಲ್ಲೇ, ನಿನಗೇನ್ ಮಾಡಿದ್ದೆ ನಾನು?”

“ಸೋಪ್ ಹಾಕಿ ತೊಳ್ದಿದ್ದೆ ಕಣ್ ರತ್ನಕ್ಕಾ. ನನ್ ಮಕ್ಕಳಾಣೆ.”

ದೊಡ್ಡಮ್ಮ ನನ್ನ ಕಡೆ ತಿರುಗಿದಳು. “ನೀನು ಓದಿದೀಯ, ನೀನೇ ಹೇಳೋ. ಹೊಗೆಸೊಪ್ಪಿಗೆ ಹುಳ ಸಾಯಲ್ವಾ?”

“ಸಾಯುತ್ತೆ. ಪುಸ್ತಕದಲ್ಲೂ ಇದೆ” ಎಂದೆ.

ಅದು ಸುಳ್ಳಲ್ಲ, ಪುಸ್ತಕದಲ್ಲಿ ಇದೆ. ಹಾಡಿನ ಬಗ್ಗೆ ಅಷ್ಟು ಸುಳ್ಳು ಹೇಳಿದ್ದೇನೆ, ಆದರೆ ನನ್ನ ಬಾಯಿಂದ ಬಂದ ಅತ್ಯಂತ ಹೊಲಸು ಮಾತು ಒಂದು ನಿಜ. ಅಂದಿನಿಂದ ಹತ್ತೊಂಬತ್ತು ವರ್ಷ ಆ ಇಬ್ಬರು ಹೆಂಗಸರು ಮಾತಾಡಲಿಲ್ಲ. ಎದುರು ಬದುರು ಬಾಗಿಲಿಗೆ ರಂಗೋಲಿ ಹಾಕುವಾಗ ಬೆನ್ನು ಮಾಡಿಕೊಂಡೇ ಹಾಕುತ್ತಿದ್ದರು. ಆ ಬೀದಿಯಲ್ಲಿ ಮತ್ತೆ ಯಾರೂ ನಾರಾಯಣಮ್ಮನನ್ನು ಸೊಪ್ಪು ಹಾಕಲು ಕರೆಯಲಿಲ್ಲ. ನಾನು ನರಸಾಪುರದ ಒಂದು ಕಾರ್ಖಾನೆ ಸೇರಿದೆ. ಅಲ್ಲಿ ನನ್ನ ಕೆಲಸ, ಬಿಡಿಭಾಗಗಳಲ್ಲಿ ದೋಷವಿರುವುದನ್ನು ಗುರುತಿಸಿ ಆಚೆಗಿಡುವುದು. ಒಳ್ಳೆಯ ಕಣ್ಣು ಎಂದು ಹೆಸರಿದೆ.

ಹೀಗಿರುವಾಗ ಕಳೆದ ತಿಂಗಳು ಶ್ವೇತಾ ಎಂಬ ಹುಡುಗಿ ಫೋನ್ ಮಾಡಿದಳು. ಹಳೆಯ ಹಾಡುಗಳು ಹುಟ್ಟಿದ ಬಗೆಯನ್ನು ವಿಡಿಯೊ ಮಾಡಿ ಹಾಕುತ್ತಾಳಂತೆ. “ಸಾರ್, ನಿಮ್ಮ ಹಾಡಿಗೆ ನಾಲ್ಕು ಊರಲ್ಲಿ ನಾಲ್ಕು ಕಥೆ ಸಿಕ್ಕಿದೆ. ಯಾವುದು ಸಾರ್ ನಿಜ?” ಎಂದಳು. ಸಿಕ್ಕಿಬಿದ್ದ ಗಾಬರಿಗೆ ಹುಳುವಿನ ವಿಷಯ ಬಾಯಿಬಿಟ್ಟೆ, ಸೊಳ್ಳೆಬತ್ತಿಯನ್ನು ಬಿಟ್ಟು. ಅವಳಿಗೆ ಅದೇ ಎಲ್ಲಕ್ಕಿಂತ ಹಿಡಿಸಿತು. ಭಾನುವಾರ ಬೆಳಿಗ್ಗೆ ಕ್ಯಾಮೆರಾ ಸಮೇತ ಸುಗಟೂರಿನಲ್ಲಿದ್ದಳು.

ದೊಡ್ಡಮ್ಮ ಹೊಸ ಸೀರೆ ಉಟ್ಟು ಕ್ಯಾಮೆರಾದ ಮುಂದೆ ಕೂತಳು. ತನ್ನ ಹುಳುಗಳೇ ಹಾಡಿದ ಹಾಡು ಎಂಬುದು ಅವಳಿಗೆ ಗೊತ್ತಾದದ್ದೇ ಆಗ. ಹಿಗ್ಗಿದಳು. ಹಿಗ್ಗಿನ ಭರದಲ್ಲೇ, “ಆ ಬೆಳೆ ಪೂರ್ತಿ ಹೋಯ್ತಮ್ಮ. ಎದುರುಮನೆಯವಳು ಹೊಗೆಸೊಪ್ಪಿನ ಕೈ ಇಟ್ಟಳು” ಎಂದೂ ಸೇರಿಸಿದಳು. ಶ್ವೇತಾಳ ಕಣ್ಣು ಹೊಳೆಯಿತು. “ಅವರು ಇದಾರಾ? ಅವರ ಮಾತೂ ತಗೊಳ್ಳೋಣ ಸಾರ್” ಎನ್ನುತ್ತ ಕ್ಯಾಮೆರಾ ಎತ್ತಿಕೊಂಡು ಬೀದಿಗೆ ಇಳಿದೇಬಿಟ್ಟಳು. ಹತ್ತೊಂಬತ್ತು ವರ್ಷದ ಹಿಂದೆ ಡೈರಿಯ ಮುಂದೆ ಕೇಳಿದ್ದನ್ನು ಆ ಹೆಂಗಸು ಇನ್ನು ಲೋಕದ ಮುಂದೆ ಕೇಳಬೇಕು. ನಾನು ಓಡಿಹೋಗಿ ಅಡ್ಡ ನಿಂತೆ. ಪಶ್ಚಾತ್ತಾಪ ಉಕ್ಕಿ ಒಪ್ಪಿಕೊಂಡೆ ಎಂದು ನೀವು ತಿಳಿಯಬಾರದು. ಬೇರೆ ದಾರಿಯಿರಲಿಲ್ಲ, ಒಪ್ಪಿಕೊಂಡೆ. ಬೀದಿಯ ನಟ್ಟನಡುವೆ, ದೊಡ್ಡಮ್ಮನಿಗೆ ಕೇಳುವ ಹಾಗೆ, “ಸೊಳ್ಳೆಬತ್ತಿ ಹಚ್ಚಿದ್ದು ನಾನು” ಎಂದೆ.

ದೊಡ್ಡಮ್ಮ ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

“ಪುಸ್ತಕದಲ್ಲಿದೆ ಅಂದ್ಯಲ್ಲೋ” ಎಂದಳು.

“ದೊಡ್ಡಮ್ಮಾ...”

“ನನ್ ಹತ್ರ ಏನೋ ಹೇಳ್ತೀಯ? ಅಲ್ಲೋಗಿ ಹೇಳು.”

“ನೀನೂ ಬಾ.”

“ನಾನ್ ಬಂದ್ರೆ ಅವಳು ಗೆದ್ದಂಗಾಗಲ್ವಾ? ನೀನ್ ಹೋಗೋ ಮೊದ್ಲು.”

ಶ್ವೇತಾ “ಸಾರ್, ಇದನ್ನ ಮಾತ್ರ ಶೂಟ್ ಮಾಡ್ಲಾ? ಇದೇ ಸಾರ್ ನಿಜವಾದ ಕಥೆ” ಎಂದಳು. ನಿಜವಾದ್ದರಿಂದಲೇ ಬೇಡ ಎಂದೆ. ಪುಣ್ಯಾತ್ಮಳು, ಕ್ಯಾಮೆರಾ ಕೆಳಗಿಟ್ಟಳು.

ನಾರಾಯಣಮ್ಮ ಜಗಲಿಯ ಮೇಲೆ ಕೊತ್ತಂಬರಿ ಸೊಪ್ಪಿನ ಕಟ್ಟು ಕಟ್ಟುತ್ತಿದ್ದರು. “ರಾ ನಾಯನಾ, ಕೂತ್ಕೋ” ಎಂದು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕರೆದು ಪಕ್ಕದ ಗೋಣಿಚೀಲ ಸರಿಸಿದರು. ದಾರಿಯಲ್ಲಿ ಹತ್ತು ಹೆಜ್ಜೆಗೆ ಹತ್ತು ಪೀಠಿಕೆ ಹೊಂದಿಸಿದ್ದೆ, ಒಂದೂ ಬರಲಿಲ್ಲ. ಇದ್ದದ್ದನ್ನು ಹೇಳಿದೆ. ಅವರ ಕೈ ಕಟ್ಟು ಕಟ್ಟುವುದನ್ನು ನಿಲ್ಲಿಸಲಿಲ್ಲ.

“ತೊಳ್ದಿದ್ದೆ ಅಂತ ಆಣೆ ಇಟ್ಟಿದ್ನಲ್ಲಾ,” ಎಂದರು. “ಆಮೇಲೆ ನಂಗೇ ಅನುಮಾನ ಬಂತು ನಾಯನಾ. ಸರಿಯಾಗ್ ತೊಳೀಲಿಲ್ವೇನೋ, ಸೆರಗಲ್ಲಿ ಒಂದೆಳೆ ಉಳ್ಕೊಂಡಿತ್ತೇನೋ. ನಮ್ಮನೇಲೂ ಹುಳ ಸಾಕೋದ್ ಬಿಟ್ಬಿಟ್ಟೆ. ಹೊಗೆಸೊಪ್ಪೂ ಬಿಟ್ಟೆ. ಹುಳ ಸತ್ತಿದ್ದು ನನ್ ಕೈಯಿಂದಲೇ ಅಂತ ನಾನೂ ಒಪ್ಕೊಂಡಿದ್ದೆ.”

ಅವರು ನಂಬಲೋ ಬೇಡವೋ ಎಂಬಂತೆ ನನ್ನನ್ನೇ ನೋಡುತ್ತಿದ್ದರು. ನನ್ನ ಮಾತನ್ನು ಇನ್ನೊಮ್ಮೆ ನಂಬಲು ಅವರಿಗೆ ಕಾರಣವೂ ಇರಲಿಲ್ಲ. ಆಗ ಹೊಳೆಯಿತು: ರೆಕಾರ್ಡಿಂಗ್ ಇದೆಯಲ್ಲ. ಹಾಡಿನಲ್ಲಿ ನಾಗರಾಜ ಇಟ್ಟುಕೊಂಡದ್ದು ಬತ್ತಿ ಹಚ್ಚುವ ಮೊದಲಿನ ತುಣುಕು. ಅದು ಮಧ್ಯಾಹ್ನದ್ದು, ನಾರಾಯಣಮ್ಮ ಸೊಪ್ಪು ಹಾಕಿದ್ದು ಬೆಳಿಗ್ಗೆ. ಫೋನಿನಲ್ಲಿ ಹಾಡು ಹಾಕಿ ಅವರ ಕಿವಿಯ ಬಳಿ ಹಿಡಿದೆ.

ನಾರಾಯಣಮ್ಮನ ಕೈ ನಿಂತಿತು. ಊರೆಲ್ಲ ಮಳೆ ಎಂದು ಕೇಳಿದ್ದನ್ನು ಅವರು ಒಂದೇ ಸಲಕ್ಕೆ ಗುರುತಿಸಿದರು. “ನಾಲ್ಕನೇ ಜ್ವರ ಎದ್ದಿರೋವು. ಎಷ್ಟು ಬಿರುಸಾಗ್ ತಿಂತಾ ಇದಾವೆ ನೋಡು. ವಿಷ ಬಿದ್ದ ಹುಳ ಹಿಂಗ್ ತಿನ್ನುತ್ತಾ? ತಿನ್ನಲ್ಲ.” ಮತ್ತೆ ಹಾಕಿಸಿಕೊಂಡರು. ಆಮೇಲೆ ತಲೆಯೆತ್ತಿ, ನನ್ನ ಭುಜದಾಚೆ, ಗೇಟಿನ ಹೊರಗೆ ಅರ್ಧ ಮುಖ ಮರೆಸಿಕೊಂಡು ನಿಂತಿದ್ದ ದೊಡ್ಡಮ್ಮನನ್ನು ಕರೆದರು. “ರತ್ನಕ್ಕಾ, ಅಲ್ಯಾಕ್ ನಿಂತಿದೀಯ, ಒಳಗ್ ಬಾ. ನಿನ್ ಹುಳ ತಿಂತಾ ಇದಾವೆ, ಕೇಳು ಬಾ.”

ದೊಡ್ಡಮ್ಮ ಬಂದಳು. ಕೊತ್ತಂಬರಿಯ ಈಚೆ ಒಬ್ಬರು, ಆಚೆ ಒಬ್ಬರು, ನಡುವೆ ನನ್ನ ಫೋನು. ಹನ್ನೊಂದು ಸೆಕೆಂಡು ಮುಗಿದು ಗಿಟಾರಿನ ಮೊದಲ ತಂತಿ ಮಿಡಿದ ಕೂಡಲೇ ನಾರಾಯಣಮ್ಮ ಕೈ ಎತ್ತುತ್ತಿದ್ದರು, “ನಿಲ್ಸು, ಮೊದಲಿಂದ ಹಾಕು.” ಎಂಟು ಸಲವೋ ಹತ್ತು ಸಲವೋ, ಎಣಿಸಲಿಲ್ಲ. ಒಮ್ಮೆ ನಾನು ತಡಮಾಡಿದ್ದರಿಂದ ನನ್ನ ಗಂಟಲು ಹೊರಬಿತ್ತು. ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತಲೇ, “ಅಯ್ಯೋ, ಅದ್ಯಾರೋ ಅದು, ಹುಳ ತಿನ್ನೋವಾಗ ಕಿರಚೋದು?” ಎಂದಳು. “ಯಾರೋ” ಎಂದೆ. ಆಮೇಲೆ ತಡಮಾಡಲಿಲ್ಲ, ಹೆಬ್ಬೆರಳನ್ನು ಪರದೆಯ ಮೇಲೇ ಇಟ್ಟುಕೊಂಡು, ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ನಿಲ್ಲಿಸುತ್ತ ಕೂತೆ.